ಯಂತ್ರ ಕಂಡ ಹೂವು

ಕೃತಕ ಬುದ್ಧಿಮತ್ತೆಯ ದೃಶ್ಯಕಲೆಗೂ ಭಾಷಾಧ್ಯಯನಕ್ಕೂ ಏನು ಸಂಬಂಧ? ಬ್ರಿಟಿಷ್ ಕಲಾವಿದೆ ಅನ್ನಾ ರಿಡ್ಲರ್ 2018ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 10,000 ಟ್ಯುಲಿಪ್ ಹೂಗಳ ಛಾಯಾಚಿತ್ರ ತೆಗೆದು, ಬಣ್ಣ, ಪಟ್ಟೆ ಮೊದಲಾದ ಲಕ್ಷಣಗಳನ್ನು ಕೈಬರಹದಲ್ಲಿ ಗುರುತಿಸಿದರು. ಅವುಗಳಿಂದ ಕಲಿತ ಯಂತ್ರವು ‘ಮೊಸಾಯಿಕ್ ವೈರಸ್’ ಎಂಬ ವಿಡಿಯೊ ಕೃತಿಯಲ್ಲಿ ಎಲ್ಲಿಯೂ ಇಲ್ಲದ ಹೂಗಳನ್ನು ಅರಳಿಸುತ್ತದೆ. ದಳಗಳ ಪಟ್ಟೆ ಬಿಟ್‌ಕಾಯಿನ್ ಬೆಲೆಯೊಡನೆ ಬದಲಾಗುತ್ತದೆ. 1630ರ ದಶಕದ ಡಚ್ ಮಾರುಕಟ್ಟೆಯಲ್ಲಿ ದುಬಾರಿಯಾಗಿದ್ದ ಪಟ್ಟೆಗಳನ್ನು ಮೂಡಿಸಿದ್ದು ವೈರಾಣುರೋಗ.

ನಮ್ಮ ಹೊಸೂರಿನ ಗುಲಾಬಿಯೂ ಮಾರುಕಟ್ಟೆಯ ಹೂವೇ. ಅದನ್ನು ಯಂತ್ರಕ್ಕೆ ಪರಿಚಯಿಸಲು ಬಣ್ಣ, ಅಳತೆ, ಬೆಲೆಗಳಷ್ಟೇ ಸಾಕೆ? ನನೆ, ಮುಗುಳು, ಅಲರು ಎಂದು ಹೂವಿನ ಅವಸ್ಥೆಗಳನ್ನು ಬೇರೆಬೇರೆಯಾಗಿ ಕಂಡ ನುಡಿ ನಮ್ಮದು. ಹೆಸರಿಡುವವರು ಮರೆತ ಭೇದ ಯಂತ್ರದ ಪಟ್ಟಿಗೂ ಸೇರದು.

ಅಭ್ಯಾಸ: ನಿಮ್ಮೂರಿನ ಹೂದೋಟಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಇಂತಹ ಪದಗಳನ್ನು ಸಂಗ್ರಹಿಸಿರಿ.