ಜ್ವರದ ದಿನದ ಷುಗರ್ ಮಾತ್ರೆ: ವಾರ್ಡು ಕಲಿಸಿದ ಐದು ಪಾಠಗಳು

ಕೋವಿಡ್‌ನ ಮೊದಲ ಅಲೆಗೆ ವಿಶಾಖಪಟ್ಟಣದಲ್ಲಿದ್ದೆ, ಎರಡನೆಯದಕ್ಕೆ ವಿಜಯವಾಡದಲ್ಲಿ. ಬಳ್ಳಾರಿ ಕಡೆಯವನಾದ್ದರಿಂದ ತೆಲುಗು ಕಷ್ಟವಾಗಲಿಲ್ಲ. ಅಲ್ಲಿ ಮಾತ್ರೆಗೆ ‘ಬಿಳ್ಳ’ ಅನ್ನುತ್ತಾರೆ. ‘ಈ ಷುಗರ್ ಬಿಳ್ಳ ಕೋವಿಡ್‌ಗೆ ಒಳ್ಳೆಯದಾ, ಕೆಟ್ಟದಾ, ಡಾಕ್ಟರ್ ಗಾರು?’ ಎಂಬ ಪ್ರಶ್ನೆ ದಿನವೂ ಬರುತ್ತಿತ್ತು.

1. ಇನ್ಸುಲಿನ್ ಮೇಲೆ ತಪ್ಪು ಹೊರಿಸಬೇಡಿ. ಇಂಗ್ಲೆಂಡಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮಧುಮೇಹಿಗಳ ದಾಖಲೆ ನೋಡಿದಾಗ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಕೋವಿಡ್ ಸಾವು ಕಡಿಮೆ, ಇನ್ಸುಲಿನ್‌ನವರಲ್ಲಿ ಹೆಚ್ಚು ಕಂಡಿತು. ಆದರೆ ಹೆಚ್ಚಾಗಿ ಕಾಯಿಲೆ ಹಳೆಯದಾದವರಿಗೆ, ಕಿಡ್ನಿ ಸೋತವರಿಗೆ ಇನ್ಸುಲಿನ್ ಬರುವುದು. ಹೆದರಿ ಔಷಧಿ ಬದಲಿಸಬೇಕಿಲ್ಲವೆಂದು ಆ ಸಂಶೋಧಕರೇ ಹೇಳಿದರು.

2. ಸ್ಟೀರಾಯ್ಡ್ ಶುರುವಾದರೆ ಸಂಜೆಯ ಷುಗರ್ ನೋಡಿ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಆಮ್ಲಜನಕ ಬೇಡದವರಿಗೆ ಮಾತ್ರ ಅದರಿಂದ ಲಾಭವಿರಲಿಲ್ಲ. ನಮ್ಮ ವಾರ್ಡಿನಲ್ಲಿ ಅದನ್ನು ಬೆಳಿಗ್ಗೆ ಕೊಟ್ಟರೆ ಖಾಲಿ ಹೊಟ್ಟೆಯ ಷುಗರ್ ಚೆನ್ನಾಗಿಯೇ ಇದ್ದು, ಸಂಜೆಗೆ 400 ದಾಟುತ್ತಿತ್ತು. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಹೀಗೆ ಷುಗರ್ ಕೈಮೀರಿದವರನ್ನೇ.

3. ಗ್ಲುಕೋಮೀಟರ್ ಒಂದನ್ನೇ ನಂಬಬೇಡಿ. ಡಾಪಾಗ್ಲಿಫ್ಲೋಜಿನ್ ಎಂಬ ಷುಗರ್ ಮಾತ್ರೆ ತಗೊಳ್ಳುತ್ತಿದ್ದ ಹೆಂಗಸೊಬ್ಬರು ಎರಡು ದಿನ ವಾಂತಿ ಮಾಡಿಕೊಂಡು ಬಂದರು. ಷುಗರ್ 180. ಡ್ರಿಪ್ ಹಾಕಿ ಮನೆಗೆ ಕಳಿಸುವವನಿದ್ದೆ. ಉಸಿರು ದೀರ್ಘವಾಗಿ ಎಳೆಯುತ್ತಿದೆಯೆಂದು ನರ್ಸಮ್ಮ ತಡೆದರು. ಪರೀಕ್ಷೆಯಲ್ಲಿ ಕೀಟೋನ್ ತುಂಬಿತ್ತು. ಷುಗರ್ ಏರದೆಯೇ ರಕ್ತ ಆಮ್ಲವಾಗುವುದು ಈ ಗುಂಪಿನ ಮಾತ್ರೆಗಳಲ್ಲಿ ಉಂಟು.

4. ಹಳೆಯ ಮಾತ್ರೆಗೆ ಹೊಸ ಪವಾಡ ಹಚ್ಚಬೇಡಿ. ಆಸ್ಪತ್ರೆ ಸೇರಿದ 1,250 ಜನರಿಗೆ ನಡೆಸಿದ ಡೇರ್-19 ಪ್ರಯೋಗದಲ್ಲಿ ಡಾಪಾಗ್ಲಿಫ್ಲೋಜಿನ್ ಕೋವಿಡ್ ವಿರುದ್ಧ ಖಚಿತ ಲಾಭ ತೋರಲಿಲ್ಲ. ಅಮೆರಿಕದ ಒಂದು ಪ್ರಯೋಗದಲ್ಲಿ ಸೋಂಕಿನ ಆರಂಭದಲ್ಲೇ ಮೆಟ್‌ಫಾರ್ಮಿನ್ ಪಡೆದವರಲ್ಲಿ ದೀರ್ಘ ಕೋವಿಡ್ ಶೇ. 41ರಷ್ಟು ಕಡಿಮೆ ಕಂಡಿತು, ಆದರೆ ಆ ಪ್ರಯೋಗದ ಮುಖ್ಯ ಗುರಿ ಈಡೇರಲಿಲ್ಲ. ಆಸೆ ಇಟ್ಟುಕೊಳ್ಳಬಹುದು, ಅಂಗಡಿಯಿಂದ ತಾವೇ ತಂದು ನುಂಗುವಂತಿಲ್ಲ.

5. ಜ್ವರ ಬರುವ ಮೊದಲೇ ಚೀಟಿ ಬರೆದುಕೊಡಿ. ಈಗ ಊರಲ್ಲಿ ಡೆಂಗಿ, ಫ್ಲೂ ಕಾಲಕ್ಕೆ ಚೀಟಿಯ ಹಿಂಬದಿ ಮೂರು ಸಾಲು ಬರೆಯುತ್ತೇನೆ: ವಾಂತಿ-ಭೇದಿಯಾದರೆ ಮೆಟ್‌ಫಾರ್ಮಿನ್, ಡಾಪಾ ತಡೆಹಿಡಿದು ಫೋನ್ ಮಾಡಿ. ಊಟ ಸೇರದಿದ್ದರೆ ಗ್ಲಿಮೆಪಿರೈಡ್ ನುಂಗುವ ಮುನ್ನ ಕೇಳಿ. ಇನ್ಸುಲಿನ್ ನೀವಾಗಿ ನಿಲ್ಲಿಸಬೇಡಿ. ಆ ಹೆಂಗಸಿನ ಕೈಯಲ್ಲಿ ಇಂಥ ಚೀಟಿಯಿದ್ದಿದ್ದರೆ ಮೊದಲ ವಾಂತಿಗೇ ಮಾತ್ರೆ ನಿಂತಿರುತ್ತಿತ್ತು.