ಬಾಡಿಗೆಗೆ ಮುನ್ನ ಮಾಲೀಕರು ಯಾರೆಂದು ನೋಡಿ

ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೋಗುವ ಬಾರ್ಟ್ ರೈಲಿನ ಕೊನೆಯ ನಿಲ್ದಾಣದ ಸುತ್ತ, ಟೌನ್‌ಹೋಮ್‌ಗಳ ಸಾಲೇ ಇದೆ. ಕೆಳಗೆ ಗ್ಯಾರೇಜು, ಮೇಲೆ ಎರಡು ಅಂತಸ್ತು, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಪಾರ್ಟ್‌ಮೆಂಟ್ ಬಿಟ್ಟು ಅಂಥದೊಂದು ಮನೆ ಹಿಡಿದೆವು. ಬಾಡಿಗೆ 3,900 ಡಾಲರ್, ಮೊದಲಿಗಿಂತ 700 ಹೆಚ್ಚು. ಈ 700 ಎಲ್ಲರ ಕಣ್ಣಿಗೂ ಬೀಳುತ್ತದೆ. ಮುಂದಿನ ವರ್ಷ ಬಾಡಿಗೆ ಎಷ್ಟಾದೀತು ಎಂಬ ಲೆಕ್ಕ ಹಾಕುವವರು ಕಡಿಮೆ.

ಅಲ್ಲಿ 2020ರಿಂದ ಜಾರಿಯಲ್ಲಿರುವ ಬಾಡಿಗೆದಾರರ ರಕ್ಷಣಾ ಕಾಯ್ದೆಯ ಪ್ರಕಾರ, ಕಟ್ಟಿ 15 ವರ್ಷ ಕಳೆದ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆ ಏರಿಕೆಗೆ ಮಿತಿಯಿದೆ: ವರ್ಷಕ್ಕೆ ಶೇ 5ರ ಜೊತೆ ಹಣದುಬ್ಬರದ ದರ, ಏನೇ ಆದರೂ ಶೇ 10ರೊಳಗೆ. ಬಿಡಿಯಾಗಿ ಮಾರಬಹುದಾದ ಟೌನ್‌ಹೋಮ್ ಕಂಪನಿಯ ಕೈಯಲ್ಲಿರದೆ ವ್ಯಕ್ತಿಯ ಹೆಸರಿನಲ್ಲಿದ್ದು, ಮಿತಿಯಿಂದ ವಿನಾಯಿತಿ ಇದೆಯೆಂದು ಬರಹದಲ್ಲಿ ತಿಳಿಸಿದ್ದರೆ ಈ ಮಿತಿ ಅನ್ವಯಿಸುವುದಿಲ್ಲ. ನಮ್ಮ ಕರಾರಿನ ಕೊನೆಯ ಪುಟಗಳಲ್ಲಿ ಆ ಪ್ಯಾರಾ ಇತ್ತು. ಶೇ 10ಕ್ಕಿಂತ ಹೆಚ್ಚು ಏರಿಸುವುದಾದರೆ 90 ದಿನ ಮುಂಚೆ ನೋಟಿಸ್ ಕೊಡಬೇಕು, ಅಷ್ಟೇ.

ಸಹಿ ಹಾಕುವ ಮೊದಲೇ ಮಾಲೀಕರ ಜೊತೆ ಮಾತಿಗೆ ಕೂತೆವು. ಎರಡು ವರ್ಷದ ಕರಾರು ಮಾಡೋಣ, ಎರಡನೇ ವರ್ಷ ಶೇ 4 ಏರಿಸಿ ಎಂದೆವು. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ಒಪ್ಪಲು ಕಾರಣವೂ ಇತ್ತು. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅವರ ಕೈಬಿಟ್ಟು ಹೋಗುವುದು 3,900 ಡಾಲರ್. ಶೇ 4ರ ಏರಿಕೆಯಿಂದ ಇಡೀ ವರ್ಷಕ್ಕೆ ಬರುವುದು 1,872. ಒಂದೇ ಮನೆ ಬಾಡಿಗೆಗೆ ಬಿಟ್ಟವರಿಗೆ, ತಪ್ಪದೆ ಬಾಡಿಗೆ ಕಟ್ಟಿ ನಿಲ್ಲುವವರು ಸಿಕ್ಕರೆ ಅದೇ ಲಾಭ. ಕಂಪನಿಯ ಕಚೇರಿಯಲ್ಲಿ ಹೀಗೆ ಚೌಕಾಶಿ ನಡೆಯುವುದು ಅಪರೂಪ.

ಉಳಿದ ಖರ್ಚನ್ನೂ ಮೊದಲೇ ಬರೆಸಿಕೊಳ್ಳಬೇಕು. ಮನೆಮಾಲೀಕರ ಸಂಘದ ಮಾಸಿಕ ಶುಲ್ಕ ಅವರದು, ನೀರು, ಕಸ, ಕರೆಂಟು, ಗ್ಯಾಸ್ ನಮ್ಮದು ಎಂದಾಯಿತು. ಸಂಘದ ನಿಯಮಾವಳಿಯ ಪ್ರತಿಯನ್ನೂ ಕೇಳಿ ಪಡೆದೆವು. ಗ್ಯಾರೇಜಿನಲ್ಲಿ ಸಾಮಾನು ಪೇರಿಸಿ ಕಾರನ್ನು ಅತಿಥಿಗಳ ಜಾಗದಲ್ಲಿ ನಿಲ್ಲಿಸಿದರೆ ಟೋ ಮಾಡಿಸುತ್ತಾರೆ. ದಂಡ ಬಿದ್ದರೆ ಬಾಡಿಗೆದಾರರೇ ಕಟ್ಟಬೇಕೆಂದು ಕರಾರಿನಲ್ಲಿತ್ತು. ಸಂಘದ ವಿಮೆ ಕಟ್ಟಡಕ್ಕೆ. ನಮ್ಮ ಸೋಫಾ, ಲ್ಯಾಪ್‌ಟಾಪ್, ರೇಷ್ಮೆ ಸೀರೆಗಳಿಗೆ ಬಾಡಿಗೆದಾರರ ವಿಮೆ ನಾವೇ ಮಾಡಿಸಿದೆವು.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿನ ಠೇವಣಿ ಹಗುರ. 2024ರ ಜುಲೈ 1ರಿಂದ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೇ. ಒಂದೆರಡು ಮನೆಗಳ ಸಣ್ಣ ಮಾಲೀಕರು ಎರಡು ತಿಂಗಳವರೆಗೆ ಕೇಳಬಹುದು. ಮನೆ ಬಿಟ್ಟ 21 ದಿನಗಳಲ್ಲಿ, ಏನನ್ನಾದರೂ ಹಿಡಿದುಕೊಂಡಿದ್ದರೆ ಬಾಬತ್ತುವಾರು ಲೆಕ್ಕ ಕೊಟ್ಟು, ಉಳಿದದ್ದನ್ನು ವಾಪಸು ಕೊಡಲೇಬೇಕು.

ಆದ್ದರಿಂದ ಟೌನ್‌ಹೋಮ್ ನೋಡಲು ಹೋದರೆ, ಅಡುಗೆಮನೆಯ ಗ್ರಾನೈಟ್ ಮೆಚ್ಚುವ ಮೊದಲು ಮೂರು ವಿಷಯ ಕೇಳಿ: ಮನೆ ಯಾರ ಹೆಸರಿನಲ್ಲಿದೆ, ಕಟ್ಟಿ ಎಷ್ಟು ವರ್ಷವಾಯಿತು, ಎರಡನೇ ವರ್ಷದ ಬಾಡಿಗೆಯನ್ನು ಈಗಲೇ ಬರೆದು ಕೊಡುತ್ತೀರಾ? ಮೂರನೆಯದಕ್ಕೆ ಹೌದು ಎನ್ನುವವರ ಮನೆಗೆ ತಿಂಗಳಿಗೆ ಐವತ್ತು ಡಾಲರ್ ಹೆಚ್ಚಾದರೂ ಕೊಡಬಹುದು.