ಹೊಸ ದಾಖಲೆ ಎಂದು ಬರೆಯುವ ಮೊದಲು

ಮಗೂ, ನೀನು ಕಳಿಸಿದ ಫೋಟೊಗಳನ್ನೆಲ್ಲ ದೊಡ್ಡದು ಮಾಡಿಕೊಂಡು ನೋಡಿದೆ. ಹಳ್ಳದ ದಡದಲ್ಲಿ ನಿಂತ ಮರ, ಎದುರುಬದುರು ಎಲೆ, ಎಲೆಯಂಚಿನ ಒಳಮಗ್ಗುಲಿಗೆ ಉದ್ದಕ್ಕೂ ಓಡುವ ಸಣ್ಣ ನರ. ನೇರಳೆಯ ಬಳಗದ್ದೇ ಸರಿ. ಅದರಲ್ಲಿ ಯಾವುದು ಎಂದು ಹೂವು ನೋಡದೆ ನಾನು ಹೇಳಲಾರೆ. ‘ನಮ್ಮ ಜಿಲ್ಲೆಯಲ್ಲಿದೆ ಎಂದು ಯಾವ ಪುಸ್ತಕದಲ್ಲೂ ಇಲ್ಲ, ಈಗಲೇ ಬರೆದು ಪ್ರಕಟಣೆಗೆ ಕಳಿಸಲೇ?’ ಎಂದು ಕೇಳಿದ್ದೀಯ. ಕಳಿಸಲೇಬೇಕು. ಆದರೆ ಒಂದು ವರ್ಷ ತಡೆ. ಆ ವರ್ಷದಲ್ಲಿ ಆಗಬೇಕಾದ ಕೆಲಸ ಬಹಳ ಇದೆ.

‘ಪುಸ್ತಕದಲ್ಲಿ ಇಲ್ಲ’ ಎಂಬ ಮಾತನ್ನೇ ಮೊದಲು ತೂಗಿ ನೋಡು. ಯಾವ ಪುಸ್ತಕ? 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ನಮ್ಮ ಶಿರಸಿ, ಸಿದ್ದಾಪುರದ ಗಿಡಗಳು ಕುಕ್ ಮತ್ತು ಟಾಲ್ಬಟ್ ಬರೆದ ಮುಂಬಯಿ ಪ್ರಾಂತ್ಯದ ಗ್ರಂಥಗಳಲ್ಲಿವೆ. ಮಂಗಳೂರು ಕಡೆಯವು ಗ್ಯಾಂಬಲ್ ಬರೆದ ಮದ್ರಾಸಿನ ಗ್ರಂಥದಲ್ಲಿವೆ. ಒಂದೇ ಘಟ್ಟ, ಒಂದೇ ಮಳೆ, ಪುಸ್ತಕ ಮಾತ್ರ ಎರಡು ಕಪಾಟಿನಲ್ಲಿ. ಒಂದರಲ್ಲಿ ಹುಡುಕಿ ಸಿಗಲಿಲ್ಲ ಎಂದು ಸಂಭ್ರಮಿಸಿದವರು ಇನ್ನೊಂದನ್ನು ತೆರೆದೇ ಇರುವುದಿಲ್ಲ. ಫಾದರ್ ಸೆಸಿಲ್ ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನೂ, ಆಮೇಲೆ ಸಲ್ಡಾನಾ ಅವರು 1984 ಮತ್ತು 1996ರಲ್ಲಿ ಕರ್ನಾಟಕಕ್ಕೆಂದೇ ತಂದ ಎರಡು ಸಂಪುಟಗಳನ್ನೂ ಜೊತೆಗಿಟ್ಟುಕೊಂಡು ಓದು. ಆ ಸಂಪುಟಗಳಿಗೂ ಎಲ್ಲ ಕುಟುಂಬಗಳನ್ನು ಮುಗಿಸಲಾಗಲಿಲ್ಲ. ಹಾಗಾಗಿ ನಮ್ಮ ನಾಡಿನಲ್ಲಿ ‘ಇಲ್ಲ’ ಎಂದರೆ ಎಷ್ಟೋ ಸಲ ‘ಯಾರೂ ಹೋಗಿ ನೋಡಿಲ್ಲ’ ಎಂದೇ ಅರ್ಥ.

ಪುಸ್ತಕ ಮುಗಿದ ಮೇಲೆ ಹರ್ಬೇರಿಯಂಗೆ ಹೋಗು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಸಸ್ಯ ಸರ್ವೇಕ್ಷಣಾ ಇಲಾಖೆಯವು ಪುಣೆ ಮತ್ತು ಕೊಯಮತ್ತೂರಿನಲ್ಲಿವೆ. ನಿನ್ನ ಮರವನ್ನು ನೂರು ವರ್ಷದ ಹಿಂದೆ ಯಾರೋ ಕೊಯ್ದು, ಹಾಳೆಗೆ ಅಂಟಿಸಿ, ತಪ್ಪು ಹೆಸರು ಬರೆದು ಇಟ್ಟಿರಬಹುದು. ಹಾಗೆ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡ. ಆ ಮರ ನೂರು ವರ್ಷದಿಂದ ಇಲ್ಲೇ ಇದೆ ಎಂಬುದಕ್ಕೆ ನಿನಗೆ ಸಾಕ್ಷಿ ಸಿಕ್ಕಿತು. ‘ಮೊದಲ ಸಲ’ ಎಂಬ ಎರಡು ಪದಗಳಿಗಿಂತ ಅದು ಎಷ್ಟೋ ಹೆಚ್ಚಿನದು.

ಕತ್ತಲೆಕಾನಿನ ವಿಷಯ ನಿನಗೆ ಗೊತ್ತಿರಬೇಕು, ಆದರೂ ಇನ್ನೊಮ್ಮೆ ಹೇಳುತ್ತೇನೆ. ಸಿದ್ದಾಪುರ ತಾಲೂಕಿನ ಆ ಕಾಡಿನಲ್ಲಿ ವರ್ಷವಿಡೀ ನೀರು ಜಿನುಗುವ ಜೌಗು ಇದೆ. ಕಾಡುಜಾಯಿಕಾಯಿ ಬಳಗದ ಮರಗಳು ಅಲ್ಲಿ ಕಾಂಡದಿಂದಲೇ ಆಧಾರದ ಬೇರು ಇಳಿಸಿ ನಿಂತಿವೆ. ಕೆಸರಿನೊಳಗೆ ಗಾಳಿ ಸಿಗದ ಬೇರುಗಳು ಬಾಗಿ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತವೆ. ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು 2008ರಲ್ಲಿ ನಮ್ಮ ಜಿಲ್ಲೆಯ ಇಂಥ ಹಳೆಯ ಕಾಡುಗಳಿಂದ ಎರಡು ಮರಗಳನ್ನು ದಾಖಲಿಸಿದರು. ಒಂದು ನಿನ್ನ ಮರದ ಬಳಗದ್ದೇ, ಸಿಜಿಜಿಯಂ ಟ್ರಾವಂಕೋರಿಕಮ್. ಇನ್ನೊಂದು ಇಪ್ಪೆಯ ಬಳಗದ ಮಧುಕಾ ಬೋರ್ಡಿಲೋನಿ. ಮೊದಲನೆಯದರ ಹೆಸರಿನಲ್ಲಿ ತಿರುವಾಂಕೂರು, ಎರಡನೆಯದರಲ್ಲಿ ಅಲ್ಲಿ ಅರಣ್ಯಾಧಿಕಾರಿಯಾಗಿದ್ದ ಬೋರ್ಡಿಲಾನ್. ಎರಡೂ ಕೇರಳದ ದಕ್ಷಿಣದಲ್ಲಷ್ಟೇ ಇವೆ ಎಂದು ಎಲ್ಲರೂ ನಂಬಿದ್ದರು. ಎರಡನೆಯದು ಅಳಿದೇ ಹೋಯಿತು ಎಂದು ತಿಳಿದಿದ್ದ ಕಾಲವೂ ಇತ್ತು. ಗೊತ್ತಿದ್ದ ನೆಲೆಯಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕೆ, ನಮ್ಮ ಕಾನುಗಳಲ್ಲಿ, ಕೆಲವೇ ಕೆಲವು ಮರಗಳು ಬದುಕಿದ್ದವು.

ಆ ಬರಹದಲ್ಲಿ ನಾನು ಮೆಚ್ಚುವುದು ಅಂತರವನ್ನಲ್ಲ. ಈ ಮರಗಳು ಇಲ್ಲಿ ಹೇಗೆ ಉಳಿದವು ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಕುಮರಿ ಬೇಸಾಯದ ಬೆಂಕಿ ತಾಗದ ಮೂಲೆ, ಜನ ದೇವರದೆಂದು ಬಿಟ್ಟ ಕಾಡು, ಬೇಸಿಗೆಯಲ್ಲೂ ಬತ್ತದ ಹಳ್ಳ, ಇವೆಲ್ಲ ದಾಖಲೆಯ ಭಾಗವಾದವು. ಒಂದು ಕಾಲದಲ್ಲಿ ಘಟ್ಟದುದ್ದಕ್ಕೂ ಇದ್ದ ಕಾಡಿನ ಅಳಿದುಳಿದ ತುಣುಕುಗಳಿವು ಎಂದು ಓದಿದವರಿಗೆ ತಿಳಿಯಿತು. ಇಂಥ ಎಷ್ಟು ಜೌಗುಗಳು ಗದ್ದೆಯೋ ಅಡಿಕೆ ತೋಟವೋ ಆಗಿಹೋದವು! ಅಲ್ಲಿದ್ದ ಮರಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆಯದೆ ಹೋದದ್ದನ್ನು ಕಳೆದುಕೊಂಡೆವು ಎಂದು ಹೇಳಲೂ ನಮಗೆ ಬಾಯಿಲ್ಲ. ಇದಕ್ಕಾಗಿಯೇ ನಿನ್ನ ಕೆಲಸ ನನಗೆ ಮುಖ್ಯವಾಗಿ ಕಾಣುವುದು.

ನಿನ್ನ ಮರದ ಬಗ್ಗೆಯೂ ಅದೇ ಪ್ರಶ್ನೆ ಕೇಳಿಕೋ. ತಾನಾಗಿ ಬೆಳೆದದ್ದೋ, ಹಿಂದೆ ಯಾರಾದರೂ ನೆಟ್ಟದ್ದೋ? ಸುತ್ತ ಹಳೆಯ ಮನೆಯ ಅಡಿಪಾಯ, ಬಾವಿ, ಒಡೆದ ಹೆಂಚು ಇದೆಯೇ? ಬುಡದಲ್ಲಿ ಸಸಿಗಳಿವೆಯೇ, ಆಳೆತ್ತರದ ಮರಿ ಮರಗಳಿವೆಯೇ? ಒಂದೇ ಒಂದು ಮುದಿ ಮರವಿದ್ದು ಸಸಿಯೇ ಇಲ್ಲದಿದ್ದರೆ ಅದನ್ನೂ ಬರೆ, ಅದು ದೊಡ್ಡ ಸುದ್ದಿ.

ಎಲ್ಲ ಹೊಸ ದಾಖಲೆಯೂ ಹಿಗ್ಗುವಂಥದ್ದಲ್ಲ. ಪಾರ್ಥೇನಿಯಂ ಭಾರತಕ್ಕೆ ಹೊಸದು ಎಂದು 1956ರಲ್ಲಿ ಪುಣೆಯಿಂದ ವರದಿಯಾಯಿತು. ಇವತ್ತು ನಾವು ಕಾಂಗ್ರೆಸ್ ಗಿಡ ಎನ್ನುವುದು ಅದನ್ನೇ. ಅದು ಹಬ್ಬದ ಊರಿಲ್ಲ, ಅದರಿಂದ ಚರ್ಮ ತುರಿಸಿಕೊಳ್ಳದ ರೈತರೂ ಕಡಿಮೆ. ಊರಿಗೆ ಕಾಲಿಟ್ಟ ಕಳೆಯನ್ನು ಹತ್ತು ಗಿಡ ಇರುವಾಗಲೇ ಬರೆದಿಡುವುದು ಅಪರೂಪದ ಮರವನ್ನು ಕಾಣಿಸುವಷ್ಟೇ ದೊಡ್ಡ ಸೇವೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟದಿದ್ದರೂ ಮಾಡು.

ಇನ್ನು ಮಾದರಿಯ ವಿಷಯ. ಫೋಟೊ ಎಷ್ಟೇ ಚೆನ್ನಾಗಿರಲಿ, ಒಣಗಿಸಿದ ಕೊಂಬೆಗೆ ಸಮವಲ್ಲ. ಐವತ್ತು ವರ್ಷದ ನಂತರ ಒಬ್ಬರು ‘ಇದು ನೀನು ಹೇಳಿದ ಮರವಲ್ಲ’ ಎಂದರೆ ಅವರು ಮುಟ್ಟಿ, ಹೂವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಲೆನ್ಸಿನ ಕೆಳಗೆ ನೋಡುವಂಥದ್ದು ಏನಾದರೂ ಇರಬೇಕು. ಹೂವಿರುವ ರೆಂಬೆಯೊಂದು, ಕಾಯಿರುವ ರೆಂಬೆಯೊಂದು ಸಾಕು. ಪತ್ರಿಕೆಯ ಹಾಳೆಗಳ ನಡುವೆ ಹರಡುವಾಗ ಒಂದೆರಡು ಎಲೆಯನ್ನು ಮಗುಚಿ ಇಡು, ಬೆನ್ನು ಕಾಣಲಿ. ಹಾಳೆಯನ್ನು ದಿನಾ ಬದಲಿಸು. ನಮ್ಮ ಮಳೆಗಾಲದಲ್ಲಿ ಎರಡು ದಿನ ಮರೆತರೆ ಬೂಸ್ಟು ಹಿಡಿದು ಎಲೆ ಉದುರುತ್ತದೆ. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಹೋಗುತ್ತವೆ, ಆದ್ದರಿಂದ ಅವನ್ನು ಮರದಡಿಯಲ್ಲೇ ಬರೆದುಕೋ. ಎಸಳಿನ ಬಣ್ಣ, ತೊಗಟೆ ಗೀರಿದಾಗ ಒಳಗಿನ ಬಣ್ಣ, ಎಲೆ ಹಿಸುಕಿದಾಗಿನ ವಾಸನೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡು, ನೇರಳೆಯ ಬಳಗವಾದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣಬೇಕು. ಅವು ಎಣ್ಣೆಯ ಗ್ರಂಥಿಗಳು. ಪ್ರತಿ ಮಾದರಿಗೂ ನಿನ್ನದೇ ಒಂದು ಸಂಖ್ಯೆ ಕೊಡು. ಆ ಸಂಖ್ಯೆ ಒಂದರಿಂದ ಶುರುವಾಗಿ ನೀನು ಈ ಕೆಲಸ ಮಾಡುವವರೆಗೂ ಮುಂದುವರಿಯಲಿ, ವರ್ಷ ಬದಲಾದರೂ ಊರು ಬದಲಾದರೂ ಮತ್ತೆ ಒಂದರಿಂದ ಎಣಿಸಬೇಡ. ಚೀಟಿಯಲ್ಲಿ ಊರು, ಸಮುದ್ರಮಟ್ಟದಿಂದ ಎತ್ತರ, ತಾರೀಖು, ಅಕ್ಕಪಕ್ಕದ ಮರಗಳ ಹೆಸರು ಇರಲಿ. ಮಾದರಿಯನ್ನು ನಿನ್ನ ಕಾಲೇಜಿನ ಬೀರುವಿನಲ್ಲಿ ಇಟ್ಟುಕೊಳ್ಳದೆ ದೊಡ್ಡ ಹರ್ಬೇರಿಯಂಗೆ ಕೊಡು, ಇನ್ನೊಂದು ಪ್ರತಿ ಬೇರೊಂದು ಊರಿನ ಹರ್ಬೇರಿಯಂಗೆ.

ಇದು ಮರವಾದ್ದರಿಂದ ರೆಂಬೆ ಎನ್ನುತ್ತಿದ್ದೇನೆ. ನಾಳೆ ಒಂದು ಚಿಕ್ಕ ಮೂಲಿಕೆಯೋ ಸೀತಾಳೆಯೋ ಸಿಕ್ಕಿ, ಅದು ಬೆರಳೆಣಿಕೆಯಷ್ಟೇ ಇದ್ದರೆ ಕೀಳಬೇಡ. ಹೂವೊಂದು ಮತ್ತು ಫೋಟೊ ಸಾಕು. ದಾಖಲಿಸಲು ಹೋಗಿ ಇರುವುದನ್ನೇ ಮುಗಿಸಿದರೆ ಆ ಪಾಪಕ್ಕೆ ಯಾವ ಪ್ರಬಂಧವೂ ಉತ್ತರವಾಗದು.

ಮರವನ್ನು ನಿನಗೆ ತೋರಿಸಿದವರು ಯಾರು? ನಿನ್ನ ಪತ್ರದಲ್ಲಿ ‘ಸ್ಥಳೀಯರೊಬ್ಬರು’ ಎಂದಿದೆ. ಅವರ ಹೆಸರು ಕೇಳು, ಒಪ್ಪಿದರೆ ಹಾಕು. ಅವರು ಆ ಮರವನ್ನು ಏನೆಂದು ಕರೆಯುತ್ತಾರೆ, ಹಣ್ಣನ್ನು ಯಾವ ಹಕ್ಕಿ ತಿನ್ನುತ್ತದೆ, ಅವರ ಅಜ್ಜನ ಕಾಲದಲ್ಲಿ ಇನ್ನೂ ಎಲ್ಲಿತ್ತು, ಕೂತು ಕೇಳು. ಅಂಕೋಲಾದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂದು ಅರಣ್ಯ ಇಲಾಖೆಯ ನರ್ಸರಿಗೆ ಕಲಿಸಿದವರು. ನಮ್ಮ ಹಾಲಕ್ಕಿಗಳಿಗೆ, ಕುಣಬಿಗಳಿಗೆ, ಸಿದ್ದಿಗಳಿಗೆ ಗೊತ್ತಿದ್ದ ಗಿಡವನ್ನು ‘ಇದುವರೆಗೆ ಗೊತ್ತಿರಲಿಲ್ಲ’ ಎಂದು ಬರೆಯಬೇಡ. ‘ಗ್ರಂಥಗಳಲ್ಲಿ ದಾಖಲಾಗಿರಲಿಲ್ಲ’ ಎಂದು ಬರೆ. ಅದು ನಿಜ.

ಜಾಗದ ಗುರುತನ್ನು ಹರ್ಬೇರಿಯಂನ ಚೀಟಿಯಲ್ಲಿ ಕರಾರುವಾಕ್ಕಾಗಿ ಬರೆದು, ಪ್ರಕಟಿಸುವಾಗ ತಾಲೂಕಿನ ಮಟ್ಟಕ್ಕೆ ನಿಲ್ಲಿಸು. ಮರದರಿಶಿನದ ಬಳ್ಳಿ ಇರುವ ಜಾಗ ಬಾಯಿಂದ ಬಾಯಿಗೆ ಹೋಗಿ ಏನಾಯಿತೆಂದು ನಮ್ಮ ಕಾಡುಗಳಿಗೆ ಗೊತ್ತು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಮಾತ್ರ ಒಂದು ಪ್ರತಿ ಕನ್ನಡದಲ್ಲಿ ಬರೆದು ಕೊಡು. ಊರಿನ ಜೀವವೈವಿಧ್ಯ ದಾಖಲಾತಿಯಲ್ಲಿ ಆ ಮರ ಸೇರಲಿ. ನಾಳೆ ಹಳ್ಳದ ನೀರನ್ನು ತಿರುಗಿಸಲು ಯಾರಾದರೂ ಪೈಪು ತಂದರೆ ಎದ್ದು ನಿಂತು ಕೇಳುವವರು ಅವರೇ.

ಈಗ ಮಾಡಬೇಕಾದ್ದು ಇಷ್ಟು. ಈ ವಾರವೇ ಅರಣ್ಯ ಇಲಾಖೆಗೆ ಅನುಮತಿ ಕೇಳಿ ಅರ್ಜಿ ಹಾಕು, ಕೊಂಬೆ ಕೊಯ್ಯಲು ಅದು ಬೇಕೇ ಬೇಕು. ಅನುಮತಿ ಬರುವವರೆಗೆ ಮರವನ್ನು ತೋರಿಸಿದವರ ಜೊತೆ ತಿಂಗಳಿಗೊಮ್ಮೆ ಹೋಗಿ ಮೊಗ್ಗು ಬಂದಿದೆಯೇ ನೋಡು, ಹಳ್ಳದ ಎರಡೂ ದಡದಲ್ಲಿ ಮೇಲಕ್ಕೂ ಕೆಳಕ್ಕೂ ನಡೆದು ಇನ್ನೆಷ್ಟು ಮರಗಳಿವೆ ಎಂದು ಎಣಿಸು. ಮೊಗ್ಗು ಕಂಡ ದಿನ ಫೋನ್ ಮಾಡು, ನಾನೂ ಬರುತ್ತೇನೆ.